ಜಡೆಯ ಕೆಳಗಿನ ಗೀರು

ಬೆಟ್ಟದಿಂದ ಇಳಿದು ಬರುವ ಬಸ್ಸಿನಲ್ಲಿ ಕೂದಲಿರುವ ತಲೆಗಳಿಗಿಂತ ಬೋಳು ತಲೆಗಳೇ ಹೆಚ್ಚು. ಮಾದಪ್ಪನಿಗೆ ಮುಡಿ ಕೊಟ್ಟು, ನೆತ್ತಿಗೆ ಗಂಧ ಬಳಿದುಕೊಂಡು, ಪ್ರಸಾದದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ನಾನು ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ಮೇಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿಬರುವ ಸರ್ಕಾರಿ ಬಸ್ಸಿನ ಕಂಡಕ್ಟರ್. ನಿಂತುಕೊಂಡೇ ಟಿಕೆಟ್ ಕೊಡುವವಳಿಗೆ ಜನರ ಮುಖಕ್ಕಿಂತ ನೆತ್ತಿ ಮತ್ತು ಹಿಂದಲೆ ಚೆನ್ನಾಗಿ ಕಾಣುತ್ತದೆ.

ಕೆಲವು ಮಕ್ಕಳ ಬೋಳು ತಲೆಯ ಹಿಂಭಾಗದಲ್ಲಿ ಒಂದು ಗೀರು ಇರುತ್ತದೆ. ಕತ್ತಿನಿಂದ ಶುರುವಾಗಿ ನೆಟ್ಟಗೆ ಮೇಲಕ್ಕೆ ಹೋಗುವ, ಎರಡೂ ಪಕ್ಕ ಹೊಲಿಗೆ ಹಾಕಿದ ಚುಕ್ಕಿಗಳಿರುವ ಗೀರು. ನನ್ನ ಮಗಳ ತಲೆಯಲ್ಲೂ ಅದೇ ಇದೆ, ಹಾಗಾಗಿ ನನಗೆ ಗುರುತು ತಪ್ಪುವುದಿಲ್ಲ. ಮಗುವಿಗೆ ಏನಾಗಿತ್ತು ಎಂದು ಕೇಳಿದರೆ ತಾಯಂದಿರು ಸೆರಗೆಳೆದು ಆ ತಲೆ ಮುಚ್ಚುತ್ತಾರೆ. ಬಿದ್ದ ಗಾಯ ಅನ್ನುತ್ತಾರೆ. ಜಗಲಿಯಿಂದ ಬಿದ್ದದ್ದು, ಸೀಬೆ ಮರದಿಂದ ಬಿದ್ದದ್ದು, ಗಾಡಿಯಿಂದ ಬಿದ್ದದ್ದು. ನಮ್ಮ ಸೀಮೆಯ ಮಕ್ಕಳೆಲ್ಲ ಇಷ್ಟು ಅಚ್ಚುಕಟ್ಟಾಗಿ ಒಂದೇ ಜಾಗಕ್ಕೆ ಪೆಟ್ಟು ಮಾಡಿಕೊಳ್ಳುವುದು ಹೇಗೆ ಎಂದು ಕೇಳಿಬಿಡೋಣ ಅನ್ನಿಸುತ್ತದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಝೀರೋ ಟಿಕೆಟ್ಟಿಗಾಗಿ ಆಧಾರ್ ಕಾರ್ಡು ಹಿಡಿದು ನನ್ನ ಬೆನ್ನು ತಟ್ಟುತ್ತಾರೆ.

ಇದನ್ನು ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ, ಅದು ಇಳಿಯಲಿಲ್ಲ. ಮಗಳ ಕಾಯಿಲೆ ಕೊಟ್ಟ ಸಂಕಟ ಒಂದು ತೂಕ. ಅದು ವಾಸಿಯಾದ ಮೇಲೆ ಅದರ ಬಗ್ಗೆ ಬಾಯಿಬಿಡಬಾರದು ಅನ್ನುವ ನಮ್ಮ ಜನರ ಜೊತೆ ಏಗುವುದು ಇನ್ನೊಂದು ತೂಕ.

ಸಿಂಚನಾಗೆ ಆಗ ಆರು ವರ್ಷ. ಬೆಳಿಗ್ಗೆ ಎದ್ದ ಕೂಡಲೆ ವಾಂತಿ. ಆಮೇಲೆ ಏನೂ ಆಗದವಳಂತೆ ಆಡಿಕೊಂಡಿರುತ್ತಿದ್ದಳು. ಸ್ಕೂಲ್ ತಪ್ಪಿಸೋ ಆಟ ಅಂದರು ನಮ್ಮನೆಯವರು. ಜಂತುಹುಳ ಅಂದರು ಪಕ್ಕದ ಮನೆಯವರು. ಅತ್ತೆ ಆಗ ಅಗರದ ಊರಮನೆಯಲ್ಲಿದ್ದರು, ಯಳಂದೂರು ತಾಲ್ಲೂಕು. ಸುದ್ದಿ ಕೇಳಿ ಬಂದವರೇ ಗಾಳಿ ಸೋಕಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬಂತೋ ಇಲ್ಲವೋ ಎಂದು ಮನೆಮಂದಿಯೆಲ್ಲ ಮೂಸಿ ನೋಡಿದೆವು. ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಎಂದು ಸಿರಪ್ ಬರೆದರು. ಇನ್ನೊಬ್ಬರು ಕಣ್ಣು ತೋರಿಸಿ ಅಂದರು. ಕಣ್ಣಿನವರು ಕನ್ನಡಕ ಕೊಟ್ಟರು. ಅಲ್ಲಿಂದ ಮುಂದೆ ನನ್ನ ಮಗಳು ಕನ್ನಡಕ ಹಾಕಿಕೊಂಡು ವಾಂತಿ ಮಾಡಿದಳು, ಅಷ್ಟೇ ವ್ಯತ್ಯಾಸ.

ಆಮೇಲೆ ನಡಿಗೆ ಓರೆಯಾಯಿತು. ಗೋಡೆ ಹಿಡಿದು ಓಡಾಡತೊಡಗಿದಳು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡೇ ನೋಡುತ್ತಿದ್ದಳು. ಜ್ವರವೆಂದು ತೋರಿಸಲು ಹೋಗಿದ್ದ ದಿನ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗಿ ಡಾಕ್ಟರು ಅವಳನ್ನು ನೆಲದ ಟೈಲ್ಸಿನ ಗೆರೆ ಮೇಲೆ ನಡೆಯಲು ಹೇಳಿದರು. ಸಿಂಚನಾ ಗೆರೆ ಬಿಟ್ಟು ಮೇಜಿಗೆ ಡಿಕ್ಕಿ ಹೊಡೆದಳು. ನಾವು ನಕ್ಕೆವು, ಡಾಕ್ಟರು ನಗಲಿಲ್ಲ. ಈವತ್ತೇ ಮೈಸೂರಿಗೆ ಹೋಗಿ ತಲೆ ಸ್ಕ್ಯಾನ್ ಮಾಡಿಸಿ ಅಂದರು. ನಾಳೆ ಡ್ಯೂಟಿ ಇದೆ, ನಾಡಿದ್ದು ಹೋಗುತ್ತೇವೆ ಅಂದೆ. "ಈವತ್ತೇ ಅಮ್ಮ," ಅಂದರು ಆಕೆ, ನನ್ನ ಕೈ ಹಿಡಿದುಕೊಂಡು.

ತಲೆಯ ಹಿಂಭಾಗದಲ್ಲಿ ಗೆಡ್ಡೆ ಅಂದರು ಮೈಸೂರಿನವರು. ನನಗೆ ಗೆಡ್ಡೆ ಅಂದರೆ ಹೊಲದಲ್ಲಿ ಅಗೆಯುವುದು, ಬೇಯಿಸಿ ತಿನ್ನುವುದು. ಆ ಮಾತು ಮಗಳ ತಲೆಯ ಪಕ್ಕ ಕೂರಲೇ ಇಲ್ಲ. ನಮ್ಮನೆಯವರು ಕೊಳ್ಳೇಗಾಲದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರು, ಎಂಥ ಮೋಟಾರು ಸುಟ್ಟರೂ ಬಿಚ್ಚಿ ನೋಡುವವರೆಗೆ ಬಾಯಿ ಬಿಡುವ ಜಾಯಮಾನದವರಲ್ಲ. ಅವತ್ತು ಸ್ಕ್ಯಾನಿನವರ ಬಾಗಿಲಲ್ಲೇ ನಿಂತು, ಬಿಚ್ಚಬೇಕಾ ಸಾ, ತಲೆ ಬಿಚ್ಚಬೇಕಾ ಎಂದು ಅದನ್ನೇ ಕೇಳುತ್ತಿದ್ದರು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ನಿಗದಿಯಾಯಿತು. ಹಿಂದಿನ ದಿನ ತಲೆ ಬೋಳಿಸುವವನು ಬಂದ. ಅತ್ತೆ ಅಡ್ಡ ನಿಂತರು. ಮೊಮ್ಮಗಳು ಉಳಿದರೆ ಮುಡಿ ಕೊಡುತ್ತೇನೆಂದು ಮಾದಪ್ಪನಿಗೆ ಹರಕೆ ಕಟ್ಟಿಕೊಂಡಿದ್ದರಂತೆ. ಮುಡಿ ದೇವರದು, ಆಸ್ಪತ್ರೆಯವರು ಹೇಗೆ ತೆಗೆಯುತ್ತಾರೆ ಅನ್ನುವುದು ಅವರ ವಾದ. ಕೊನೆಗೆ ತಮ್ಮ ಸೆರಗನ್ನೇ ನೆಲಕ್ಕೆ ಹಾಸಿ, ಒಂದು ಎಳೆಯೂ ಕಸದ ಪೊರಕೆಗೆ ಸಿಗದ ಹಾಗೆ ಕೂದಲು ಹಿಡಿದು, ಗಂಟು ಕಟ್ಟಿ ಎದೆಗೆ ಅವಚಿಕೊಂಡರು. ಆಪರೇಷನ್ ನಡೆಯುವಷ್ಟು ಹೊತ್ತೂ ಆ ಗಂಟು ಬಿಡಲಿಲ್ಲ. ಅವರ ಮೇಲೆ ನನಗೆ ನೂರೆಂಟು ಸಿಟ್ಟಿದೆ, ಆದರೆ ಆ ಗಂಟಿನ ಮೇಲೆ ಇಲ್ಲ. ಕಾಯುವ ಹೊತ್ತಿನಲ್ಲಿ ಹಿಡಿದುಕೊಳ್ಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಆ ಆಸ್ಪತ್ರೆಯ ಕಾಯುವ ಜಾಗದ ಬಗ್ಗೆ ಒಂದು ಮಾತು ಹೇಳಬೇಕು. ಗೋಡೆಯ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಬರುತ್ತಿತ್ತು. ಮಕ್ಕಳನ್ನೆಲ್ಲ ಬರಿಹೊಟ್ಟೆಯಲ್ಲಿ ಕರೆತನ್ನಿ ಅಂದಿರುತ್ತಿದ್ದರು, ಕರೆಂಟ್ ಕೊಡುವಾಗ ಅಲುಗಾಡದೆ ಮಲಗಿರಲೆಂದು ಮತ್ತಿನ ಔಷಧಿ ಕೊಡಬೇಕಲ್ಲ, ಅದಕ್ಕೆ. ಆಪರೇಷನ್ ಆದ ಮೇಲೆ ವಾರಗಟ್ಟಲೆ ನಡೆದ ಚಿಕಿತ್ಸೆ ಅದು, ಡಾಕ್ಟರುಗಳು ರೇಡಿಯೇಷನ್ ಅನ್ನುವುದನ್ನು ನಾವೆಲ್ಲ ಕರೆಂಟ್ ಅನ್ನುತ್ತಿದ್ದೆವು. ಹಸಿದ ಮಕ್ಕಳು ಟಿವಿಯಲ್ಲಿ ಒಗ್ಗರಣೆ ಹಾಕುವುದನ್ನು ನೋಡಿಕೊಂಡು ಅಳುತ್ತಿದ್ದವು. ಚಾನೆಲ್ ಬದಲಾಯಿಸಿ ಎಂದರೆ ರಿಮೋಟು ಯಾರ ಹತ್ತಿರವೂ ಇಲ್ಲ. ಒಂದು ದಿನ ನಾನು ಬೆಂಚು ಹತ್ತಿ ಟಿವಿಯ ವೈರನ್ನೇ ಕಿತ್ತೆ. ಕಾವಲಿನವನು ಓಡಿ ಬಂದ. ನನ್ನ ಮುಖ ನೋಡಿ ಹಾಗೇ ವಾಪಸ್ ಹೋದ.

ಉಪಕಾರ ಮಾಡಿದವರೂ ಇದ್ದರು, ಸುಳ್ಳು ಹೇಳಬಾರದು. ಕರೆಂಟ್ ಕೊಡುವಾಗ ಮುಖಕ್ಕೆ ಒಂದು ಬಿಗಿ ಜಾಳಿಗೆಯ ಮುಸುಕು ಹಾಕುತ್ತಾರೆ, ಅವರವರ ಮುಖದ ಅಚ್ಚಿನಲ್ಲೇ ಮಾಡಿದ್ದು. ಸಿಂಚನಾ ಅದನ್ನು ಕಂಡರೆ ಉಚ್ಚೆ ಮಾಡಿಕೊಳ್ಳುತ್ತಿದ್ದಳು. ಅಲ್ಲಿನ ಮಿಷನ್ ನಡೆಸುವವನು ಒಂದು ದಿನ ಮಾರ್ಕರ್ ತಂದು ಆ ಮುಸುಕಿಗೆ ಬೆಕ್ಕಿನ ಮೀಸೆ, ಮೂಗು ಬರೆದ. ಅಂದಿನಿಂದ ಇವಳು ಒಳಗೆ ಹೋಗುವಾಗ ಮಿಯಾಂವ್ ಅನ್ನುತ್ತಿದ್ದಳು. ಅವನ ಹೆಸರು ಕೇಳಿಕೊಳ್ಳಲಿಲ್ಲ ಎಂದು ಈಗಲೂ ಬೇಸರವಾಗುತ್ತದೆ.

ನನಗೆ ಆಗ ಬೇಕಾಗಿದ್ದದ್ದು ಒಂದೇ. ಇದೇ ಕಾಯಿಲೆ ಬಂದು, ವಾಸಿಯಾಗಿ, ದೊಡ್ಡದಾಗಿರುವ ಒಂದೇ ಒಂದು ಮಗುವನ್ನು ಕಣ್ಣಾರೆ ನೋಡಬೇಕಿತ್ತು. ವಾರ್ಡಿನಲ್ಲಿದ್ದವರೆಲ್ಲ ನಮ್ಮ ಹಾಗೆ ನಡುನೀರಲ್ಲಿದ್ದವರು. ಪಕ್ಕದ ಮಂಚದ ಮಗು ತೀರಿಕೊಂಡಿತು. ಫೋನ್ ಮಾಡುತ್ತಿದ್ದ ನೆಂಟರೋ, ತಮ್ಮ ಊರಲ್ಲಿ ಹೀಗೇ ಆಗಿ ಹೋದವರ ಕತೆಯನ್ನೇ ಹೇಳುತ್ತಿದ್ದರು. ಉಳಿದವರ ಕತೆ ಒಬ್ಬರಿಗೂ ಗೊತ್ತಿರಲಿಲ್ಲ. ಉಳಿದ ಮಕ್ಕಳೇ ಇಲ್ಲವಾ ಎಂದು ಅಲ್ಲಿ ಸಿಂಚನಾಳನ್ನು ನೋಡುತ್ತಿದ್ದ ಡಾಕ್ಟರಮ್ಮನನ್ನು ಕೇಳಿದೆ. ಬೇಕಾದಷ್ಟು ಇದ್ದಾರೆ, ನಿಮ್ಮ ಕಡೆಯವರೇ ಇದ್ದಾರೆ ಅಂದರು. ಎಲ್ಲಿ ಎಂದೆ. "ವಾಸಿಯಾದ ಮೇಲೆ ಬರುವುದಿಲ್ಲ ಅಮ್ಮ. ಫೋನ್ ನಂಬರೇ ಬದಲಾಯಿಸಿಬಿಡುತ್ತಾರೆ," ಅಂದರು.

ಎಂಥ ಜನ ಎಂದು ಬೈದುಕೊಂಡೆ. ಊರಿಗೆ ಬಂದ ಮೇಲೆ ನಮ್ಮ ಮನೆಯೇ ಹಾಗಾಯಿತು.

ಕೀಮೋ ಎಲ್ಲ ಮುಗಿದು, ಗೆಡ್ಡೆ ಕಾಣುತ್ತಿಲ್ಲ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಅತ್ತೆ ನಮ್ಮನ್ನೆಲ್ಲ ಬೆಟ್ಟಕ್ಕೆ ಹೊರಡಿಸಿದರು. ಆ ಕೂದಲ ಗಂಟನ್ನು ಒಪ್ಪಿಸಿದರು. ನಮ್ಮಲ್ಲಿ ಕೆಲವರು ಕಾಯಿಲೆ ಬಿದ್ದಾಗ ಉಟ್ಟ ಬಟ್ಟೆಯನ್ನು ಅಲ್ಲೇ ಸ್ನಾನದ ಕೊಳದ ದಡದಲ್ಲಿ ಬಿಟ್ಟು, ತಿರುಗಿ ನೋಡದೆ ಬರುತ್ತಾರೆ. ಅತ್ತೆ ಸಿಂಚನಾಳ ಆಸ್ಪತ್ರೆ ಫ್ರಾಕುಗಳ ಜೊತೆ ಆ ಬೆಕ್ಕಿನ ಮೀಸೆಯ ಮುಸುಕನ್ನೂ ಬಿಟ್ಟರು. ಅದನ್ನು ನಾನು ಇಟ್ಟುಕೊಳ್ಳಬೇಕೆಂದಿದ್ದೆ. ತಿರುಗಿದೆ, ಅತ್ತೆ ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದರು.

"ಮುಡಿ ಒಪ್ಸಾಯ್ತು. ಇನ್ಮ್ಯಾಲೆ ಅದ್ರ ಎಸ್ರು ಮನೇಲಿ ಯಾರೂ ಎತ್ಬ್ಯಾಡಿ. ಎಸ್ರಿಡ್ದು ಕರುದ್ರೆ ಬರ್ದೆ ಇದ್ದದಾ?" ಅಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಗೆಡ್ಡೆಕೋಸಿನ ಪಲ್ಯಕ್ಕೂ ಕೋಸಿನ ಪಲ್ಯ ಅನ್ನುತ್ತಾರೆ. ಚೆಕಪ್ಪಿಗೆ ಬೆಂಗಳೂರಿಗೆ ಹೊರಟರೆ ಅತ್ತೆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆ. ದೇವರಿಗೆ ಒಪ್ಪಿಸಿದ ಮೇಲೂ ತೋರಿಸಲು ಹೋಗುವುದೆಂದರೆ ಮಾದಪ್ಪನ ಮೇಲೆ ಅನುಮಾನ ಪಟ್ಟ ಹಾಗೆ ಎಂದು ಅವರ ಲೆಕ್ಕ. ಅನುಮಾನ ನನಗೆ ದೇವರ ಮೇಲಲ್ಲ ಗೆಡ್ಡೆಯ ಮೇಲೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಹಾಗೆ ಒಂದು ಸಲ ಚೆಕಪ್ಪಿಗೆ ಹೋದಾಗ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಮಕ್ಕಳ ತಲೆಯ ಗೆಡ್ಡೆ ಯಾಕೆ ಬರುತ್ತದೆ, ಒಬ್ಬರಿಗೆ ನಾಟಿದ ಔಷಧಿ ಇನ್ನೊಬ್ಬರಿಗೆ ಯಾಕೆ ನಾಟುವುದಿಲ್ಲ, ಕರೆಂಟು ಎಷ್ಟು ಕಡಿಮೆ ಕೊಟ್ಟರೆ ಸಾಕಾಗುತ್ತದೆ ಎಂದು ತಿಳಿಯಲು ಸಂಶೋಧನೆ ಮಾಡುತ್ತಿದ್ದಾರಂತೆ. ಅದಕ್ಕೆ ದುಡ್ಡು ಯಾರೋ ಕೊಡುತ್ತಾರೆ. ಕೊಡದಿರುವುದು ಮನೆಯವರು. ಆಪರೇಷನ್ನಿನಲ್ಲಿ ಹೇಗೂ ತೆಗೆದ ಚೂರನ್ನು ಪರೀಕ್ಷೆಗೆ ಬಳಸಲು ಒಪ್ಪಿಗೆ ಬೇಕು. ವಾಸಿಯಾದ ಮಕ್ಕಳು ಆಗಾಗ ಬಂದು ಎತ್ತರ, ಕಿವಿ, ಓದು ಎಲ್ಲ ತೋರಿಸಬೇಕು. ಅವರು ಬರದಿದ್ದರೆ ಏನು ತಿಳಿಯುತ್ತದೆ? "ನಿಮ್ಮ ಮಗಳಿಗೆ ಕೊಟ್ಟ ಔಷಧಿಯ ಅಳತೆ ನಾವು ಕಲಿತದ್ದು ಯಾರ್ಯಾರದೋ ಮಕ್ಕಳಿಂದಲೇ ಅಲ್ಲವಾ," ಅಂದರು.

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಯಾರೋ ನನ್ನಂಥ ಒಬ್ಬ ತಾಯಿ, ತನ್ನ ಮಗು ಉಳಿಯಿತೋ ಇಲ್ಲವೋ, ಹೂಂ ಅಂದಿದ್ದಾಳೆ. ಅವಳು ಹೂಂ ಅಂದದ್ದಕ್ಕೆ ನನ್ನ ಮಗಳು ಮನೆಗೆ ಬಂದಳು. ನಮ್ಮ ಕಡೆಯ ಮನೆಗಳನ್ನು ನಾನು ಒಟ್ಟುಗೂಡಿಸುತ್ತೇನೆ ಎಂದು ಮಾತು ಕೊಟ್ಟೆ. ಹಾಗಾದರೆ ತಾವೇ ಬರುವುದಾಗಿ, ನಾಲ್ಕಾರು ಮನೆಯವರಾದರೂ ಸೇರಿದರೆ ಮಕ್ಕಳ ಚೆಕಪ್ಪನ್ನು ಕೊಳ್ಳೇಗಾಲದಲ್ಲೇ ಮಾಡುವ ಏರ್ಪಾಡು ಮಾಡಿಸುವುದಾಗಿ ಡಾಕ್ಟರಮ್ಮ ಹೇಳಿದರು. ಜನ ಸೇರದಿದ್ದರೆ ನಮ್ಮ ಕಡೆಯನ್ನು ಕೈಬಿಟ್ಟು ಬೇರೆ ಜಿಲ್ಲೆ ನೋಡಿಕೊಳ್ಳಬೇಕಾಗುತ್ತದೆ ಎಂದೂ ಹೇಳಿದರು.

ಬೆಂಬಲ ಕೇಳುವುದು ಎಂಥ ಕಷ್ಟ ಎಂದು ಆಮೇಲೆ ಗೊತ್ತಾಯಿತು. ಮಗುವಿನ ಕಾಯಿಲೆ ಎಂದು ಬಾಯಿ ತೆಗೆದರೆ ಜನ ಜೇಬಿಗೆ ಕೈ ಹಾಕುತ್ತಾರೆ. ದುಡ್ಡು ಬೇಡ ಅಂದರೆ ಮುಖ ಸಪ್ಪಗಾಗುತ್ತದೆ. ಮತ್ತೇನು ಬೇಕು? ಸಂಶೋಧನೆ ಅಂದೆ. ಆ ಪದ ಕೇಳಿದ್ದೇ, ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡ್ತಾರಾ ಎಂದು ಡಿಪೋದಲ್ಲಿ ನನ್ನ ಜೊತೆ ಕೆಲಸ ಮಾಡುವವರೇ ಕೇಳಿದರು. ಅನ್ನದಾನ ಮಾಡಿಸಿ, ಪುಣ್ಯ ಬತ್ತದೆ ಎಂದು ಸಲಹೆ ಕೊಟ್ಟರು.

ಹನೂರಿನ ಯುವಕರ ಸಂಘವೊಂದು ನಾವು ಸಭೆ ಮಾಡಿಕೊಡುತ್ತೇವೆ ಎಂದು ಮುಂದೆ ಬಂತು. ನನಗೆ ಹಿಗ್ಗೋ ಹಿಗ್ಗು. ಸಭೆಗೆ ಇನ್ನೇನು ಹತ್ತಿರ ಬಂತು ಅನ್ನುವಾಗ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ನಿಂತಿತು. ಸುತ್ತ ಮುಖಂಡರ ಕೈಮುಗಿದ ಚಿತ್ರಗಳು. ನಡುವೆ ನನ್ನ ಮಗಳು, ಬೋಳು ತಲೆ, ಮೂಗಿಗೆ ನಳಿಕೆ. ವಾರ್ಡಿನಲ್ಲಿ ತೆಗೆದು ನೆಂಟರಿಗೆ ವಾಟ್ಸಾಪ್ ಮಾಡಿದ್ದ ಆ ಚಿತ್ರ ಯಾರ ಯಾರ ಕೈ ದಾಟಿ ಅಲ್ಲಿಗೆ ಹೋಯಿತೋ. "ಈ ಕಂದನಿಗಾಗಿ ಬನ್ನಿ" ಎಂದು ಕೆಳಗೆ ಬರೆದಿತ್ತು. ಸಿಂಚನಾ ಈಗ ಎಂಟನೇ ಕ್ಲಾಸು. ದಿನವೂ ಒಂದೇ ಜಡೆ ಹಾಕಿ ಹಿಂದೆ ಇಳಿಬಿಟ್ಟು, ಗಾಯದ ಮೇಲೆ ಕೂದಲು ಬರದ ಜಾಗವನ್ನು ಮುಚ್ಚಿಕೊಂಡು ಹೋಗುವವಳು. ಅವಳ ಕ್ಲಾಸಿನವರೆಲ್ಲ ಆ ಫ್ಲೆಕ್ಸಿನ ಕೆಳಗೆ ಬಸ್ಸಿಗೆ ಕಾಯುತ್ತಾರೆ.

ನಾನು ಅವತ್ತೇ ನಮ್ಮನೆಯವರನ್ನು ಏಣಿ ಹತ್ತಿಸಿ ಅದನ್ನು ಇಳಿಸಿದೆ. ಅಷ್ಟು ಹೊತ್ತಿಗೆ ಆಗಬೇಕಾದದ್ದು ಆಗಿತ್ತು. ಮನೆಗೆ ಬಂದರೆ ಸಿಂಚನಾ ಬ್ಯಾಗನ್ನೂ ಇಳಿಸದೆ ನಿಂತಿದ್ದಳು.

"ಅಮ್ಮ, ತಲೆ ನಂದು. ನೀನು ಊರಿಗೆಲ್ಲ ಹಂಚಬೇಡ," ಅಂದಳು.

ಆ ಫೋಟೋ ಹಾಕಿದ್ದು ನಾನಲ್ಲ ಎಂದು ಹೇಳಿದೆ. ಅದು ಅವಳಿಗೆ ಗೊತ್ತಿತ್ತು. ಆದರೂ ಅಂದಿನಿಂದ ನನ್ನ ಜೊತೆ ಸರಿಯಾಗಿ ಮಾತಿಲ್ಲ. ಊಟಕ್ಕೆ ಕರೆದರೆ ಹೂಂ, ಹೋಂವರ್ಕ್ ಕೇಳಿದರೆ ಹೂಂ. ಜಡೆ ಹಾಕಿಸಿಕೊಳ್ಳುವುದಕ್ಕೂ ಅಜ್ಜಿಯ ಹತ್ತಿರವೇ ಹೋಗತೊಡಗಿದಳು. ಅತ್ತೆ ಬಾಚಣಿಗೆ ಹಿಡಿದುಕೊಂಡು ನನ್ನ ಕಡೆ ನೋಡುವ ನೋಟ ಇದೆಯಲ್ಲ, ಅದನ್ನು ಸಹಿಸುವುದು ಬೆಟ್ಟದ ತಿರುವುಗಳಲ್ಲಿ ನಿಂತು ಟಿಕೆಟ್ ಕೊಡುವುದಕ್ಕಿಂತ ಕಷ್ಟ.

ಸಭೆಯೋ, ಅದರ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ. ಡಾಕ್ಟರಮ್ಮನಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುಖಂಡರು ಒಬ್ಬರಾದ ಮೇಲೆ ಒಬ್ಬರು ಆರೋಗ್ಯವೇ ಭಾಗ್ಯ ಎಂದು ಮಾತಾಡಿದರು. ಆಕೆಗೆ ಮೈಕು ಸಿಕ್ಕಾಗ ಜನ ಊಟದ ಸಾಲಿನಲ್ಲಿದ್ದರು. ಗೆಡ್ಡೆಯ ಮಕ್ಕಳ ಮನೆಯವರು ಒಬ್ಬರೂ ಬಂದಿರಲಿಲ್ಲ. ಒಬ್ಬ ಅಜ್ಜ ಕೊನೆವರೆಗೆ ಕೂತಿದ್ದ, ಅವನಾದರೂ ಸಿಕ್ಕಿದನಲ್ಲ ಎಂದು ಓಡಿದೆ. ಅವನು ತನ್ನ ಮೊಣಕಾಲು ತೋರಿಸಲು ಬಂದಿದ್ದ. ಡಾಕ್ಟರಮ್ಮ ಪಾಪ ಅದನ್ನೂ ನೋಡಿದರು. ಹೊರಡುವಾಗ, ದೀಪಾವಳಿ ಕಳೆದ ಮೇಲೆ ಇನ್ನೊಂದು ಸಲ ಬರುತ್ತೇನೆ, ಈ ಸಲ ಪೇಟ ಬೇಡ, ಕೊಳ್ಳೇಗಾಲದಲ್ಲೇ ಒಂದು ಕೋಣೆ ಸಾಕು, ಮಕ್ಕಳು ಬೇಕು ಅಂದರು. ಅದೇ ಕೊನೆಯ ಸಲ ಎಂದು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಅರ್ಥವಾಯಿತು.

ಅವಾಗಿನಿಂದ ನಾನು ಬಸ್ಸಿನಲ್ಲಿ ಹಿಂದಲೆಗಳನ್ನು ನೋಡತೊಡಗಿದ್ದು. ಬೇರೆ ದಾರಿ ಇರಲಿಲ್ಲ. ಈ ಜನ ಆಸ್ಪತ್ರೆಗೆ ಬರುವುದಿಲ್ಲ, ಸಭೆಗೆ ಬರುವುದಿಲ್ಲ, ಮಾದಪ್ಪನ ಹತ್ತಿರ ಬಂದೇ ಬರುತ್ತಾರೆ. ಬಂದರೆ ಮುಡಿ ಕೊಡುತ್ತಾರೆ. ಮುಡಿ ಕೊಟ್ಟರೆ ಗೀರು ಕಾಣುತ್ತದೆ. ಬಾಯಿಬಿಡಬಾರದು ಎಂದು ಬಚ್ಚಿಟ್ಟದ್ದನ್ನು ಅದೇ ಹರಕೆ ನನ್ನ ಕಣ್ಣಿಗೆ ತೋರಿಸುತ್ತಿತ್ತು.

ಕಂಡದ್ದೇನೋ ಆಯಿತು, ಒಪ್ಪಿಸುವುದು ಬೇರೆ. ಯಳಂದೂರಿನ ಒಬ್ಬರು, ಕಚೇರಿ ಕೆಲಸದಲ್ಲಿರುವವರು, ತಮ್ಮ ಮಗನಿಗೆ ಹೀಗೇ ಆಗಿತ್ತೆಂದು ಬಸ್ಸಿಳಿದ ಮೇಲೆ ಪಕ್ಕಕ್ಕೆ ಕರೆದು ಒಪ್ಪಿಕೊಂಡರು. ಖುಷಿಯಾಗಿ ವಾರದ ರಜೆಯಲ್ಲಿ ಮನೆ ಹುಡುಕಿಕೊಂಡು ಹೋದೆ. ಕಾಫಿ ಕೊಟ್ಟರು, ಬಾಗಿಲು ಹಾಕಿದರು, ದನಿ ತಗ್ಗಿಸಿದರು. ದೊಡ್ಡ ಮಗಳಿಗೆ ಗಂಡು ನೋಡುತ್ತಿದ್ದಾರಂತೆ. ಮನೆಯಲ್ಲಿ ಇಂಥ ಕಾಯಿಲೆ ಇತ್ತು ಎಂದು ತಿಳಿದರೆ ಸಂಬಂಧ ಮುರಿಯುತ್ತದಂತೆ. ಇದು ರಕ್ತದಲ್ಲಿ ಬರುವ ಕಾಯಿಲೆಯಲ್ಲ ಎಂದು ಡಾಕ್ಟರು ನಿಮಗೂ ಹೇಳಿರುತ್ತಾರಲ್ಲ ಎಂದೆ. ನಮಗೆ ಗೊತ್ತು ಮೇಡಂ, ಗಂಡಿನ ಕಡೆಯವರಿಗೆ ಗೊತ್ತಾಗಬೇಕಲ್ಲ ಅಂದರು. ತಪ್ಪು ತಿಳಿಯಬೇಡಿ ಎಂದು ಎರಡು ಸಲ ಹೇಳಿದರು. ತಪ್ಪಾಗಿಯೇ ತಿಳಿದುಕೊಂಡು ಬಂದೆ.

ಕೌದಳ್ಳಿಯ ರತ್ನ ಅನ್ನುವವಳದು ಇನ್ನೊಂದು ರೀತಿ. ಇಪ್ಪತ್ತರ ಆಚೀಚಿನ ಹೆಂಗಸು, ನಾಲ್ಕೈದು ವರ್ಷದ ಹೆಣ್ಣುಮಗು. ತಿಂಗಳಿಗೊಮ್ಮೆ ಅಮಾವಾಸ್ಯೆಗೆ ಬೆಟ್ಟಕ್ಕೆ ಬರುತ್ತಿದ್ದಳು. ಮಗುವಿನ ತಲೆಗೆ ಟೊಪ್ಪಿ, ಒಂದು ಸಲ ಗಾಳಿಗೆ ಹಾರಿದಾಗ ಗೀರು ಕಂಡೆ, ಇನ್ನೂ ಕೆಂಪಗಿತ್ತು. ಹೊಸದು. ಮೊದಲ ಸಲ ಕೇಳಿದಾಗ ಕಟ್ಟೆಯಿಂದ ಬಿದ್ದ ಗಾಯ ಅಂದಳು. ಎರಡನೇ ಸಲ, ನನ್ನ ಮಗಳಿಗೂ ಹೀಗೇ ಆಗಿತ್ತು, ಈಗ ಚೆನ್ನಾಗಿದ್ದಾಳೆ ಎಂದೆ. ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ನಂಬಲಿಲ್ಲ. ಕಂಡಕ್ಟರುಗಳು ಹೇಳುವ ಮಾತು ಎಷ್ಟು ಸಲ ನಿಜವಾಗಿರುತ್ತದೆ, ಹಿಂದೆ ಬಸ್ಸು ಖಾಲಿ ಬತ್ತಾ ಇದೆ ಅನ್ನುವವರು ನಾವೇ ಅಲ್ಲವಾ. ಆಸ್ಪತ್ರೆಗೆ ಮತ್ತೆ ಹೋಗುತ್ತಿದ್ದೀರಾ ಎಂದು ಕೇಳಿದ್ದಕ್ಕೆ ಕಿಟಕಿಯ ಕಡೆ ತಿರುಗಿಕೊಂಡಳು.

ಅವಳು ಹೋಗುತ್ತಿಲ್ಲ ಎಂದು ಆ ಕತ್ತು ತಿರುಗಿಸಿದ ರೀತಿಯಲ್ಲೇ ಗೊತ್ತಾಯಿತು. ಆ ಮಗುವಿಗೆ ಔಷಧಿ ಅರ್ಧಕ್ಕೆ ನಿಂತಿದ್ದರೆ? ಸಂಶೋಧನೆ ಹಾಳಾಗಿ ಹೋಗಲಿ, ಆ ಮಗು ಮೊದಲು ಚೆಕಪ್ಪಿಗೆ ಹೋಗಬೇಕಿತ್ತು.

ದೀಪಾವಳಿಗೆ ಮುಂಚಿನ ರಜೆಯಲ್ಲಿ ಅತ್ತೆ ಪೂಜೆಗೆಂದು ಸಿಂಚನಾಳನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಟರು, ನನ್ನ ಬಸ್ಸಿನಲ್ಲೇ. ಮಗಳು ಆಧಾರ್ ಕಾರ್ಡು ತೋರಿಸಿ ಬೇರೆಯವರ ಹಾಗೇ ಟಿಕೆಟ್ ತಗೊಂಡಳು, ನನ್ನ ಮುಖ ನೋಡದೆ. ವಾಪಸ್ ಬರುವಾಗ ಅದೇ ಬಸ್ಸಿಗೆ ರತ್ನ ಹತ್ತಿದಳು. ಮಗುವಿಗೆ ಅವತ್ತು ಮುಡಿ ತೆಗೆಸಿದ್ದಳು. ಟೊಪ್ಪಿ ಇರಲಿಲ್ಲ, ಗಂಧ ಇತ್ತು, ಗಂಧದ ನಡುವೆ ಗೀರು ಎದ್ದು ಕಾಣುತ್ತಿತ್ತು. ಖಾಲಿ ಇದ್ದದ್ದು ಸಿಂಚನಾಳ ಹಿಂದಿನ ಸೀಟು, ಅಲ್ಲೇ ಕೂತಳು.

ನಾನು ಏನೂ ಕೇಳಬಾರದೆಂದು ಹಲ್ಲು ಕಚ್ಚಿದ್ದೆ. ಆದರೂ ಬಾಯಿ ತಡೆಯಲಿಲ್ಲ. ಡಾಕ್ಟರಮ್ಮ ಬರುವ ವಿಷಯ ಹೇಳಿದೆ, ಕೊಳ್ಳೇಗಾಲಕ್ಕೇ ಬರುತ್ತಾರೆ, ಒಂದು ಸಲ ತೋರಿಸು ಎಂದೆ. ರತ್ನ ಮಗುವಿನ ತಲೆ ಮೇಲೆ ಸೆರಗೆಳೆದಳು.

"ಎಷ್ಟ್ ಸತಿ ಯೋಳ್ಬೇಕು ಅಕ್ಕ ನಿಮ್ಗೆ. ಬಿದ್ದ ಗಾಯ ಕಣ್ರೀ ಅದು," ಅಂದಳು. ಸುತ್ತಲಿನವರು ತಿರುಗಿ ನೋಡಿದರು. ಇನ್ನೊಂದು ಮಾತಾಡಿದ್ದರೆ ಜನ ನನ್ನ ಮೇಲೇ ಬೀಳುತ್ತಿದ್ದರು, ನ್ಯಾಯವೂ ಅವರ ಕಡೆಗೇ ಇತ್ತು. ಟಿಕೆಟ್ ಮಿಷನ್ ಒತ್ತಿಕೊಂಡು ಮುಂದಕ್ಕೆ ಹೋದೆ.

ತಾಳಬೆಟ್ಟ ದಾಟಿ ಬಸ್ಸು ನೆಟ್ಟಗಾದಾಗ ತಿರುಗಿ ನೋಡುತ್ತೇನೆ, ಸಿಂಚನಾ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಮೊಣಕಾಲೂರಿ ಕೂತಿದ್ದಾಳೆ. ಆ ಮಗು ಇವಳ ಬಳೆ ಹಿಡಿದು ಎಳೆಯುತ್ತಿದೆ. ಸಿಂಚನಾ ಮಗುವಿಗೆ ಮಿಯಾಂವ್ ಅಂದಳು. ಮಗು ನಕ್ಕಿತು. ಆಮೇಲೆ ಇವಳು ಬೆನ್ನು ತಿರುಗಿಸಿ, ಜಡೆಯನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದಳು.

"ನಂದೂ ಬಿದ್ದ ಗಾಯಾನೇ. ನೋಡು ಪಾಪು," ಅಂದಳು.

ಮಗು ಬೆರಳಿಟ್ಟು ಮುಟ್ಟಿ ನೋಡಿತು. ರತ್ನ ನೋಡಿದಳು. ಕತ್ತಿನಿಂದ ಮೇಲಕ್ಕೆ ಹೋಗುವ ಅದೇ ಗೀರು, ಬೆಳ್ಳಗೆ ಮಾಸಿದ್ದು, ಸುತ್ತ ದಟ್ಟ ಕೂದಲು. ನಾನು ಕಂಬ ಹಿಡಿದು ನಿಂತಲ್ಲೇ ನಿಂತೆ.

"ಯಾವಾಗ ಬಿದ್ದಿದ್ದವ್ವ?" ಎಂದು ಕೇಳಿದಳು ರತ್ನ, ಬಲು ಮೆಲ್ಲಗೆ.

ಉತ್ತರ ಕೊಟ್ಟದ್ದು ಸಿಂಚನಾ ಅಲ್ಲ. ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅತ್ತೆ, ಕಣ್ಣು ತೆರೆಯದೆ, "ಏಳು ವರ್ಸ ಆಯ್ತು ಕನವ್ವ. ಈಗ ಎಂಟನೇ ಕ್ಲಾಸು. ತಿಂಗ್ಳಾ ತಿಂಗ್ಳಾ ಆಸ್ಪತ್ರೆಗೆ ತೋರುಸ್ತಿದ್ಲು ಇವರವ್ವ, ಈಗ ವರ್ಸಕ್ ಒಂದ್ ಸತಿ," ಅಂದರು.

ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದ ಮುದುಕಿ ಲೆಕ್ಕವನ್ನೆಲ್ಲ ಇಟ್ಟಿದ್ದರು.

ಕೂದಲು ಬರುತ್ತದಾ ಎಂದು ರತ್ನ ಕೇಳಿದಳು. ಗೀರಿನ ಮೇಲೆ ಬರಲ್ಲ, ಸುತ್ತ ಬರುತ್ತದೆ, ಜಡೆ ಹಾಕಿದರೆ ಕಾಣಲ್ಲ ಎಂದು ಸಿಂಚನಾ ಹೇಳಿದಳು. ಓದಕ್ಕಾಗ್ತದಾ ಎಂದು ಕೇಳಿದಳು. ಲೆಕ್ಕ ಬರಲ್ಲ, ಅದು ಮುಂಚೆಯೂ ಬರುತ್ತಿರಲಿಲ್ಲ ಅಂದಳು ನನ್ನ ಮಗಳು. ಕೌದಳ್ಳಿ ಬರುವವರೆಗೂ ರತ್ನ ಕೇಳುತ್ತಲೇ ಇದ್ದಳು. ಕಾಯಿಲೆಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ನಾನು ಒಂದು ವರ್ಷದಿಂದ ಗಂಟಲು ಹರಿದುಕೊಂಡು ಹೇಳಿದ್ದನ್ನೆಲ್ಲ ಅವರು ಬಿದ್ದ ಗಾಯ ಅಂದುಕೊಂಡೇ ಮಾತಾಡಿ ಮುಗಿಸಿದರು.

ಕೌದಳ್ಳಿಯಲ್ಲಿ ರತ್ನ ಇಳಿದಳು. ಮಗುವನ್ನು ಸೊಂಟಕ್ಕೇರಿಸಿಕೊಂಡು ಕೆಳಗೇ ನಿಂತಳು. "ಆ ಡಾಕ್ಟ್ರಮ್ಮ ಬರಾದು ಯಾವತ್ತು ಅಕ್ಕ?" ಎಂದು ಕೇಳಿದಳು. ಹೇಳಿದೆ. ಬರುತ್ತೇನೆ ಅನ್ನಲಿಲ್ಲ. ಅವತ್ತು ಅಮಾವಾಸ್ಯೆ ಅಲ್ಲ ತಾನೆ ಎಂದು ಮಾತ್ರ ಖಾತ್ರಿ ಮಾಡಿಕೊಂಡಳು. 

ಒಬ್ಬಳು. ಅವಳೂ ಬರುತ್ತಾಳೋ ಇಲ್ಲವೋ. ಇಷ್ಟಕ್ಕೆ ಇಷ್ಟು ದಿನ ಬೇಕಾಯಿತು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಯಳಂದೂರಿನವರು, ಟೊಪ್ಪಿ ಹಾಕಿಸಿಕೊಂಡು ಓಡಾಡುವ ಇನ್ನೆಷ್ಟೋ ಮಕ್ಕಳು, ಎಲ್ಲರೂ ಇಲ್ಲೇ ಇದ್ದಾರೆ. ಬದುಕಿ ಉಳಿದವರು ಬಚ್ಚಿಟ್ಟುಕೊಂಡಿದ್ದಾರೆ, ಅದಕ್ಕೇ ಹೋದವರು ಮಾತ್ರ ಕಣ್ಣಿಗೆ ಬೀಳುತ್ತಾರೆ. ಈವತ್ತು ಯಾವುದೋ ಆಸ್ಪತ್ರೆಯ ಬೆಂಚಿನಲ್ಲಿ ಕೂತಿರುವ ತಾಯಿಯ ಕಣ್ಣಿಗೆ ನಿಮ್ಮ ವಾಸಿಯಾದ ಮಗುವನ್ನು ಒಮ್ಮೆ ತೋರಿಸಿ ಅಂದರೆ ಯಾಕೆ ಇಷ್ಟು ಕಷ್ಟ?

ಬಸ್ಸು ಹೊರಟಿತು. ಸಿಂಚನಾ ಜಡೆಯನ್ನು ಇಳಿಬಿಡಲಿಲ್ಲ, ಸುತ್ತಿ ಮೇಲೆ ಕ್ಲಿಪ್ ಹಾಕಿಕೊಂಡಳು. ಹನೂರಿನಲ್ಲಿ ಹತ್ತಿ ಅವಳ ಹಿಂದೆ ಕೂತ ಒಬ್ಬರು, "ಏನವ್ವ ಇದು, ಇಷ್ಟ್ ದೊಡ್ ಗಾಯ, ಎಲ್ ಬಿದ್ದೆ?" ಎಂದು ಕೇಳಿದರು.

ಅವಳು ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, "ಬಿದ್ದಿದ್ದಲ್ಲ. ತಲೆಯಲ್ಲಿ ಗೆಡ್ಡೆ ಇತ್ತು. ತೆಗೆದ್ರು," ಅಂದಳು.

ಅತ್ತೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಕೊನೆಗೆ ನೋಡಿದೆ. ಅವರು ಮೊಮ್ಮಗಳ ಕತ್ತಿನ ಹಿಂದೆ ಜಾರುತ್ತಿದ್ದ ಕ್ಲಿಪ್ಪನ್ನು ಬಿಚ್ಚಿ, ಜಡೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಬಿಗಿಯಾಗಿ ಹಾಕುತ್ತಿದ್ದರು.